ಗಾಜಿನ ಆಚೆ ಕುಳಿತವಳು

ನಾನು ಕನ್ನಡಿ ಹೌದು, ಆದರೆ ಪೂರ್ತಿ ಕನ್ನಡಿಯಲ್ಲ. ಕಾರ್ಖಾನೆಯಲ್ಲಿ ನನ್ನ ಜೊತೆ ಹುಟ್ಟಿದವರಿಗೆಲ್ಲ ಬೆನ್ನಿಗೆ ದಪ್ಪನಾಗಿ ರಸ ಬಳಿದರು. ನನಗೆ ಮಾತ್ರ ಕಂಡೂ ಕಾಣದಷ್ಟು ತೆಳ್ಳಗೆ ಬಳಿದು ಸುಮ್ಮನಾದರು. ರಸ ಮುಗಿದುಹೋಯಿತೇನೋ ಎಂದು ನಾನು ನಾಚಿಕೊಂಡೆ. ಒಡಹುಟ್ಟಿದವರು ಸೀರೆ ಅಂಗಡಿಗೆ, ಕ್ಷೌರದಂಗಡಿಗೆ, ಹೊಸದಾಗಿ ಮದುವೆಯಾದವರ ಮನೆಗೆ ಹೋದರು. ನನ್ನನ್ನು ಹುಲ್ಲಿನಲ್ಲಿ ಸುತ್ತಿ ಧಾರವಾಡಕ್ಕೆ ಕಳಿಸಿದರು.

ಅಲ್ಲಿ ಹಳೆಯ ಬಂಗಲೆಯೊಂದರಲ್ಲಿ ಮಕ್ಕಳ ಮಾತಿನ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ನನ್ನನ್ನು ಕೂರಿಸಿದರು. ಒಂದು ಕೋಣೆಯಲ್ಲಿ ಸದಾ ಝಗಝಗ ಬೆಳಕು, ಆಟದ ಸಾಮಾನು, ಅಕ್ಷರದ ಹಲಗೆ, ಚಿತ್ರದ ಪುಸ್ತಕ. ಇನ್ನೊಂದರಲ್ಲಿ ಸದಾ ಕತ್ತಲೆ, ಮತ್ತೆ ಒಂದೆರಡು ಕುರ್ಚಿ. ಬೆಳಕಿನ ಕಡೆಯಿಂದ ನೋಡಿದರೆ ನಾನು ಕನ್ನಡಿ, ಕತ್ತಲೆಯ ಕಡೆಯಿಂದ ನೋಡಿದರೆ ಕಿಟಕಿ. ಮಗು ಆಡುವುದನ್ನು ದೊಡ್ಡವರು ಕತ್ತಲಲ್ಲಿ ಕುಳಿತು ನೋಡುತ್ತಿದ್ದರು. ಮಗುವಿಗೆ ಅವರು ಕಾಣುತ್ತಿರಲಿಲ್ಲ. ಕದ್ದು ನೋಡುವವರಿಗೆ ಮರೆಯಾಗಿ ನಿಲ್ಲುವುದನ್ನು ಕೆಲಸ ಎನ್ನಬಹುದಾದರೆ, ಅದೇ ನನ್ನ ಕೆಲಸ.

ಬರುತ್ತಿದ್ದವರು ಬಹಳ ಚಿಕ್ಕ ಮಕ್ಕಳು. ಕೆಲವರಿಗೆ ಮಾತು ತಡವಾಗಿತ್ತು. ಕೆಲವರು ಅಕ್ಷರವನ್ನೆಲ್ಲ ಗುರುತಿಸುತ್ತಿದ್ದರು, ಪದ ಓದು ಎಂದರೆ ಅಳುತ್ತಿದ್ದರು. ಕೆಲವರಿಗೆ ಆಟಿಸಂ ಇತ್ತು. ಅವರು ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ, ಆದರೆ ನನ್ನ ಹತ್ತಿರ ಬಂದು ಮೈಗೆ ಕೆನ್ನೆ ಒತ್ತಿ ತಂಪು ಮಾಡಿಕೊಳ್ಳುತ್ತಿದ್ದರು. ನಾಲಗೆಯಿಂದ ನೆಕ್ಕಿದವರೂ ಇದ್ದಾರೆ. ಸುಳ್ಳೇಕೆ ಹೇಳಲಿ, ನನಗೆ ಅವರ ಮೇಲೆ ಹೆಚ್ಚು ಪ್ರೀತಿ.

ಚೈತ್ರಾ ಅಂಥವಳು. ಐದು ವರ್ಷದ ಹುಡುಗಿ, ಬಾಯಲ್ಲಿ ಒಂದೇ ಒಂದು ಮಾತಿಲ್ಲ. ತಾಯಿ ಫಕ್ಕೀರವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ. ಮೊದಲ ದಿನ ಬಂದಾಗ ಕೈಯಲ್ಲಿ ಹಿಟ್ಟು ಹಾಗೇ ಇತ್ತು.

“ಮೇಡಂರೀ, ಈಕಿ ಕಿವುಡಿ ಅಲ್ರೀ. ರೊಟ್ಟಿ ಸಪ್ಪಳ ಕೇಳಿದ್ರ ಸಾಕು, ಓಡಿ ಬರ್ತಾಳ. ಬಾಯಿ ಅಷ್ಟ ಬಿಚ್ಚಂಗಿಲ್ಲ. ಒಂದ್ ಮಾತು ಕಲಸ್ರಿ, ಮುಂದಿಂದು ನಾ ನೋಡ್ಕೋತೀನಿ,” ಎಂದಳು.

ಮೇಡಂ ಎಂದರೆ ಡಾಕ್ಟರ್ ಕುಲಗೋಡ. ಈ ಸಂಶೋಧನೆಯ ಮುಖ್ಯಸ್ಥೆ. ಕೆಟ್ಟವಳಲ್ಲ, ಬಿಗಿ ಸ್ವಭಾವದವಳು. ಆಕೆ ಎಲ್ಲ ತಾಯಂದಿರಿಗೂ ಹೇಳುತ್ತಿದ್ದ ಮಾತನ್ನೇ ಈಕೆಗೂ ಹೇಳಿದಳು. ಕೆಲವು ವಾರ ಮಗುವನ್ನು ನೋಡುತ್ತಾರೆ. ಆಮೇಲೆ ಅದೇ ಬಂಗಲೆಯಲ್ಲಿ ದಿನಾ ಮಾತು, ಓದು ಕಲಿಸುವ ತರಗತಿ ಶುರುವಾಗುತ್ತದೆ. ಜಾಗ ಕಡಿಮೆ. ಮನುಷ್ಯರನ್ನು ತಾವಾಗಿ ಕರೆಯಲು ಪ್ರಯತ್ನಿಸುವ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ಉಳಿದವರು ಮನೆಗೆ. ಈ ಬಾಗಿಲು ಮುಚ್ಚಿದರೆ ಫಕ್ಕೀರವ್ವನಿಗೆ ಬೇರೆ ಬಾಗಿಲು ಗೊತ್ತಿರಲಿಲ್ಲ.

ಕತ್ತಲೆ ಕೋಣೆಯಲ್ಲಿ ಕೂರುತ್ತಿದ್ದವಳು ಪ್ರಫುಲ್ಲಾ, ಮೇಡಂ ಕೈಕೆಳಗೆ ಕಲಿಯುತ್ತಿದ್ದ ವಿದ್ಯಾರ್ಥಿನಿ. ಆ ಕೋಣೆಗೆ ಮೊಬೈಲ್ ತರಬಾರದೆಂದು ಕಟ್ಟಪ್ಪಣೆಯಿತ್ತು. ಆದರೆ ಅವಳ ಅಪ್ಪ ಆಸ್ಪತ್ರೆಯಲ್ಲಿದ್ದ. ಒಂದು ಮಧ್ಯಾಹ್ನ ಅವಳು ತಡೆಯಲಾರದೆ ಬ್ಯಾಗಿನಿಂದ ಮೊಬೈಲ್ ತೆಗೆದಳು. ಪರದೆಯ ಬೆಳಕು ಅವಳ ಮುಖದ ಮೇಲೆ ಬಿತ್ತು.

ಆಚೆ ಬದಿ ಕತ್ತಲಾಗಿದ್ದರಷ್ಟೇ ನಾನು ಕನ್ನಡಿ. ಅಲ್ಲಿ ಬೆಳಕಾದರೆ ನನ್ನ ಮಾನ ಹೋಗುತ್ತದೆ, ಎರಡೂ ಕಡೆ ಕಾಣತೊಡಗುತ್ತದೆ. ನನ್ನ ಬುಡದಲ್ಲಿ ಕುಳಿತು ಆಟದ ಬಸ್ಸಿನ ಗಾಲಿ ತಿರುಗಿಸುತ್ತಿದ್ದ ಚೈತ್ರಾ ತಲೆ ಎತ್ತಿದಳು. ಗಾಜಿನೊಳಗೆ ಒಬ್ಬಳು ಅಕ್ಕ! ಹುಡುಗಿ ಹೆದರಲಿಲ್ಲ. ಯಾರ ಕಣ್ಣನ್ನೂ ನೋಡದವಳು ಪ್ರಫುಲ್ಲಾಳ ಕಣ್ಣನ್ನೇ ನೋಡಿದಳು. ಸಿಕ್ಕಿಬಿದ್ದ ಪ್ರಫುಲ್ಲಾ ಏನು ಮಾಡುವುದೆಂದು ತಿಳಿಯದೆ ನಕ್ಕಳು. ಚೈತ್ರಾ ಅಂಗೈಯನ್ನು ನನ್ನ ಮೇಲಿಟ್ಟು, “ಬಾ,” ಎಂದಳು.

ಪ್ರಫುಲ್ಲಾ ಗಾಬರಿಯಿಂದ ಮೊಬೈಲ್ ಆರಿಸಿದಳು. ಮುಖ ಮಾಯವಾಯಿತು.

ಅಂದಿನಿಂದ ಚೈತ್ರಾ ಬಂದಾಗಲೆಲ್ಲ ಆಟದ ಸಾಮಾನು ಮುಟ್ಟುತ್ತಿರಲಿಲ್ಲ. ನೇರ ನನ್ನ ಹತ್ತಿರ ಬಂದು, ಮೂಗು ಅಪ್ಪಚ್ಚಿಯಾಗುವ ಹಾಗೆ ಒತ್ತಿ, “ಬಾ” ಎನ್ನುತ್ತಿದ್ದಳು. ಕಾಯುತ್ತಿದ್ದಳು. ಮತ್ತೆ “ಬಾ”. ಮಗು ತನ್ನ ಮುಖ ನೋಡಿಕೊಳ್ಳುತ್ತಿದೆ ಎಂದುಕೊಂಡರು ದೊಡ್ಡವರು. ಮುಖ ನೋಡಿಕೊಳ್ಳುವವರು ಯಾರಾದರೂ ಕನ್ನಡಿಗೆ ಮೂಗು ಒತ್ತುತ್ತಾರೆಯೇ? ಒಂದು ಮೊಳ ದೂರ ನಿಲ್ಲುತ್ತಾರೆ. ಇಷ್ಟು ಸಣ್ಣ ವಿಷಯ ಅಷ್ಟು ಓದಿದವರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಚೆ ಬದಿಯಲ್ಲಿ ಪ್ರಫುಲ್ಲಾ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬಾಯಿಗೆ ದುಪಟ್ಟಾ ಒತ್ತಿಕೊಂಡು ಕುಳಿತಿರುತ್ತಿದ್ದಳು.

ಮಕ್ಕಳನ್ನು ಆರಿಸುವ ದಿನ ಬಂತು. ಫಕ್ಕೀರವ್ವನ ಮುಖ ಹೂವಿನಂತಾಗಿತ್ತು.

“ಮಾತು ಬಂತಲ್ರೀ ಮೇಡಂ! ಕನ್ನಡ್ಯಾಗ ಯಾರನ್ನೋ ಕರಿಯಾಕತ್ತಾಳ್ರೀ.”

“ಕನ್ನಡ್ಯಾಗ ಯಾರ ಇರ್ತಾರವಾ? ತನ್ನ ಮುಖಾ ನೋಡ್ಕೊಂಡು ಅಂತಾಳ. ಅದಕ್ಕ ಕರಿಯೋದು ಅನ್ನಾಕ ಬರಂಗಿಲ್ಲ,” ಎಂದಳು ಮೇಡಂ. ಆದರೂ ಆಕೆಗೆ ಏನೋ ಅನುಮಾನ. ಕತ್ತಲೆ ಕೋಣೆಗೆ ಬಂದು ಕೇಳಿದಳು: “ಪ್ರಫುಲ್ಲಾ, ನೀ ಇಲ್ಲೇ ಕುಂತಿದ್ದಿ. ನಿನಗೇನ ಅನಸ್ತು?”

ನಿಜ ಹೇಳಿದರೆ ಮೊಬೈಲ್ ವಿಷಯ ಹೊರಬೀಳುತ್ತಿತ್ತು. ಅವಳ ಸಂಶೋಧನೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳು, ಹೇಳು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಗೊತ್ತಾಗ್ಲಿಲ್ರೀ ಮೇಡಂ,” ಎಂದಳು ಪ್ರಫುಲ್ಲಾ.

ಚೈತ್ರಾಳಿಗೆ ಜಾಗ ಸಿಗಲಿಲ್ಲ. ಫಕ್ಕೀರವ್ವ ಎಳೆದುಕೊಂಡು ಹೊರಟಾಗ ಹುಡುಗಿ ನನ್ನ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಮರುವರ್ಷ ಆ ಮಕ್ಕಳನ್ನೆಲ್ಲ ಇನ್ನೊಮ್ಮೆ ನೋಡಲು ಕರೆಸಿದರು. ಅಷ್ಟರಲ್ಲಿ ಮೇಡಂ ಬೇರೆ ಊರಿಗೆ ಹೋಗಿದ್ದಳು, ಉಳಿದ ಕೆಲಸವೆಲ್ಲ ಪ್ರಫುಲ್ಲಾಳ ಪಾಲಿಗೆ ಬಂದಿತ್ತು. ಚೈತ್ರಾ ಒಳಗೆ ಬಂದಳು, ಒಂದಿಷ್ಟು ಉದ್ದವಾಗಿದ್ದಳು. ಪ್ರಫುಲ್ಲಾ ಕತ್ತಲೆ ಕೋಣೆಯ ದೀಪ ಹಾಕಿದಳು. ಗಾಜು ಬಡಿದಳು, ಕೈ ಬೀಸಿದಳು. ಹುಡುಗಿ ಈ ಕಡೆ ತಿರುಗಲಿಲ್ಲ. ಪ್ರಫುಲ್ಲಾ ಸುತ್ತು ಹಾಕಿಕೊಂಡು ಓಡಿಬಂದು ಅವಳ ಮುಂದೆ ಮೊಣಕಾಲೂರಿ ಕುಳಿತಳು.

“ಚೈತ್ರಾ, ಬಂದೆ ನೋಡು. ನಾ ಬಂದೆ.”

ಚೈತ್ರಾ ಬಸ್ಸಿನ ಗಾಲಿ ತಿರುಗಿಸುತ್ತಿದ್ದಳು.

“ಆ ಬಾ ಅನ್ನೂದು ಬಿಟ್ಟಾಳ್ರೀ ಅಕ್ಕಾರ,” ಎಂದಳು ಫಕ್ಕೀರವ್ವ. “ಇಲ್ಲಿಂದ ಹ್ವಾದ ಮ್ಯಾಲೆ ಮನ್ಯಾಗಿನ ಕನ್ನಡಿ ಮುಂದ ನಿಂತು ಅನ್ನಾಕಿ. ಒಂದಿನ ಆ ಕನ್ನಡೀನ ಮೊಳಿಯಿಂದ ಕಿತ್ತು, ಹಿಂದಿನ ಗ್ವಾಡಿ ಕೈಲೆ ಸವರಿ ಸವರಿ ನೋಡಿದ್ಲು. ಏನ್ ಹುಡಕಾಕತ್ತಿದ್ಲೋ ಏನೋ. ಅವತ್ತಿಂದ ಬಾಯಿ ಬಂದ್ ಆತು.” ಆಮೇಲೆ ಮೆಲ್ಲಗೆ ಕೇಳಿದಳು: “ಈಗರೆ ತರಗತಿಗೆ ತಗೋತೀರೇನ್ರಿ?”

“ಆ ತರಗತಿ ಮುಗದೈತ್ರೀ,” ಎಂದಳು ಪ್ರಫುಲ್ಲಾ. ಆಗಲಾದರೂ ಆ ತಾಯಿಗೆ ನಿಜ ಹೇಳಬಹುದಿತ್ತು. ‘ನಿನ್ನ ಮಗಳು ಗೋಡೆಯ ಮೇಲೆ ಹುಡುಕಿದ್ದು ನನ್ನನ್ನು, ಗಾಜಿನ ಆಚೆ ಕುಳಿತವಳನ್ನು; ಅವಳು ಕರೆದದ್ದು ಮನುಷ್ಯರನ್ನೇ’ ಎಂದು. ಹೇಳಲಿಲ್ಲ. ನಾನು ಅವಳನ್ನು ಕ್ಷಮಿಸಿಲ್ಲ.

ಇದೆಲ್ಲ ಆಗಿ ಆರೇಳು ವರ್ಷವಾಯಿತು. ಈಗ ಮಕ್ಕಳನ್ನು ಕ್ಯಾಮೆರಾದಲ್ಲಿ ನೋಡುತ್ತಾರಂತೆ. ನನ್ನನ್ನು ಕಳಚಿ ಬಂಗಲೆಯ ಹಿಂದಿನ ಕೋಣೆಯಲ್ಲಿ, ಮುರಿದ ಕುರ್ಚಿಗಳ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಅಂಚಿನಿಂದ ರಸ ಎದ್ದು ಕಪ್ಪು ಚುಕ್ಕೆಗಳಾಗಿವೆ. ಇಲ್ಲಿಗೆ ಬಂದ ಹೆಂಗಸರೆಲ್ಲ ಇಷ್ಟು ಹಾಳಾದ ನನ್ನಲ್ಲೂ ಮುಖ ನೋಡಿ ಕೂದಲು ಸರಿಮಾಡಿಕೊಳ್ಳುತ್ತಾರೆ. ಪ್ರಫುಲ್ಲಾ ಮಾತ್ರ ಬೇಕಾದ್ದನ್ನು ತೆಗೆದುಕೊಂಡು, ತಲೆ ತಗ್ಗಿಸಿ ಹೋಗಿಬಿಡುತ್ತಾಳೆ.

ಕೆಲಸವಿಲ್ಲದವನಿಗೆ ಯೋಚನೆ ಜಾಸ್ತಿ. ಚೈತ್ರಾಳಿಗೆ ಈಗ ಮೈನೆರೆಯುವ ವಯಸ್ಸು. ಒಂದು ದಿನ ಹೊಟ್ಟೆ ಕಿವುಚಿದಂತಾಗುತ್ತದೆ, ಬಟ್ಟೆಯ ಮೇಲೆ ರಕ್ತ ಕಾಣುತ್ತದೆ. ಫಕ್ಕೀರವ್ವ ಖಾನಾವಳಿಯಲ್ಲಿರುತ್ತಾಳೆ. ಪಕ್ಕದ ಮನೆಯಲ್ಲಿ ಜನ ಇರುತ್ತಾರೆ, ಬೀದಿಯಲ್ಲಿ ಜನ ಇರುತ್ತಾರೆ. ಆ ಹುಡುಗಿ ಒಬ್ಬರನ್ನೂ ಕರೆಯುವುದಿಲ್ಲ.