ಒಂದು ಹಳದಿಗೆ ಬಿಟ್ಟ ಜಾಗ

ಮೇಷ್ಟ್ರು ರಸ್ತೆಯಲ್ಲಿ ನಡೆಯುತ್ತಿರಲಿಲ್ಲ, ನಿಲ್ಲುತ್ತಾ ನಿಲ್ಲುತ್ತಾ ಮುಂದೆ ಸಾಗುತ್ತಿದ್ದರು. ಬೇಲಿಯ ಹೂವೋ, ಒಣಹುಲ್ಲಿನ ಎಸಳೋ, ನಿಂಬೆಹಣ್ಣಿನ ಬುಟ್ಟಿಯೋ ಕಣ್ಣಿಗೆ ಬಿದ್ದರೆ ಸಾಕು, ಕೋಟಿನ ಎದೆಜೇಬಿನಿಂದ ಒಂದು ಚೀಟಿ ತೆಗೆದು, ತೋಳು ಚಾಚಿ, ಕತ್ತು ವಾಲಿಸಿ, ಹಿಂದಿನಿಂದ ಬಂದ ಸೈಕಲ್ಲಿನವನ ಬೈಗುಳ ತಮಗಲ್ಲವೆಂಬ ಪ್ರಶಾಂತಿಯಲ್ಲಿ ನಿಂತುಬಿಡುತ್ತಿದ್ದರು.

ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಲೆ ಅವರು ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಗೆ ಬಂದವರು. ಬಣ್ಣದ ಪದಗಳು ಅವರ ಪಾಲಿಗೆ ಬಂದವು. ಕೆಂಪು, ನೀಲಿಗಳನ್ನು ಎರಡೇ ವರ್ಷದಲ್ಲಿ ಮುಗಿಸಿದವರು ಹಳದಿಯಲ್ಲಿ ಆರು ವರ್ಷ ಸಿಕ್ಕಿಹಾಕಿಕೊಂಡರು. ಇಂಗ್ಲಿಷಿನವರು ಹಳದಿಗೆ ಹೆಸರಿಡುವಾಗ ತೋಟ, ಅಡುಗೆಮನೆ, ಗಣಿ, ಹಕ್ಕಿಯ ಪಂಜರ ಯಾವುದನ್ನೂ ಬಿಟ್ಟಿಲ್ಲವಲ್ಲ: ಲೆಮನ್, ಮಸ್ಟರ್ಡ್, ಸಲ್ಫರ್, ಕ್ಯಾನರಿ, ಸ್ಟ್ರಾ, ಪ್ರಿಮ್‌ರೋಸ್. ನಾವಾಗಿದ್ದರೆ ಎಲ್ಲದಕ್ಕೂ 'ಒಂದು ಬಗೆಯ ಹಳದಿ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಮೇಷ್ಟ್ರದು ಒಂದೇ ಹಟ. ವಸ್ತುವನ್ನು ಕಣ್ಣಾರೆ ಕಾಣದೆ ಅರ್ಥ ಬರೆಯುವಂತಿಲ್ಲ, ಮತ್ತು ಆ ವಸ್ತುವಿನ ಮುಂದೆಯೇ ಕೂತು ಬೆರೆಸಿದ ಬಣ್ಣದ ಉಗುರಗಲದ ಚೌಕವೊಂದು ಚೀಟಿಯ ಮೂಲೆಯಲ್ಲಿ ಇರಲೇಬೇಕು. ಆ ಚೌಕಗಳನ್ನೆಲ್ಲ ಸೇರಿಸಿ ನಿಘಂಟಿನಲ್ಲಿ ಒಂದು ಹಳದಿಯ ಪುಟ ಬರುವುದಿತ್ತು. ಅವರ ಜೀವವೆಲ್ಲ ಆ ಪುಟದಲ್ಲಿತ್ತು.

ಎರಡೂ ಕಣ್ಣಿಗೆ ಪೊರೆ ಬಂದಿದೆಯೆಂದು ವೈದ್ಯೆ ಹೇಳಿ ಎರಡು ವರ್ಷವಾದರೂ ಅವರು ಆಪರೇಷನ್ನಿಗೆ ಇವತ್ತು ನಾಳೆ ಎನ್ನುತ್ತಲೇ ಇದ್ದರು. ಇಂಗ್ಲಿಷಿನಲ್ಲಿ ಹಳದಿಯೆಂದರೆ ಪುಕ್ಕಲ ಎಂಬ ಅರ್ಥವೂ ಉಂಟೆಂದು ಅವರಿಂದಲೇ ಕಲಿತಿದ್ದ ಅವರ ಹೆಂಡತಿ, ನಾನು ಮನೆಗೆ ಹೋದಾಗಲೆಲ್ಲ ಅದನ್ನೆತ್ತಿ ಕಾಲೆಳೆಯುತ್ತಿದ್ದರು. ಮೇಷ್ಟ್ರು ಸೋಲುವ ಆಸಾಮಿಯೇ? ಆ ಅರ್ಥ ಕೊಟ್ಟವನು ಕಣಜದ ಹುಳುವನ್ನು ಕಂಡಿಲ್ಲ, ಪ್ರಕೃತಿಯಲ್ಲಿ ಹಳದಿ ಉಟ್ಟವನು ಹೆದರುವವನಲ್ಲ, ಹೆದರಿಸುವವನು ಎಂದು ಗಂಭೀರವಾಗಿ ವಾದಿಸಿ, ಆಸ್ಪತ್ರೆಯ ಮಾತನ್ನು ಮಾತ್ರ ಹಾರಿಸಿಬಿಡುತ್ತಿದ್ದರು. ತೊಟ್ಟ ಕೋಟು ಹಳೆಯ ಕಾಗದದ ಬಣ್ಣಕ್ಕೆ ತಿರುಗಿದೆಯೆಂದು ಆಕೆ ಹೇಳಿದರೆ, ಅದು ಅಚ್ಚ ಬಿಳಿಯೆಂದೂ ಆಕೆಗೆ ಬಣ್ಣ ತಿಳಿಯದೆಂದೂ ತೀರ್ಪಾಗುತ್ತಿತ್ತು.

ಆ ಎರಡು ವರ್ಷದ ಚೀಟಿಗಳು ನನ್ನ ಮೇಜಿಗೆ ಬಂದಾಗ ಪ್ರಿಮ್‌ರೋಸ್ ಹೂವಿಗೂ ಒಣಹುಲ್ಲಿಗೂ ಹಾಲಿನ ಕೆನೆಗೂ ಒಂದೇ ಬಣ್ಣ ಬಿದ್ದಿರುವುದು ನನಗೆ ಕಂಡಿತ್ತು. ನಾನು ಹೇಳಲಿಲ್ಲ. ಹಳದಿಯ ವಿಷಯದಲ್ಲಿ ಮೇಷ್ಟ್ರನ್ನು ತಿದ್ದಲು ನಾನ್ಯಾರು ಎಂದುಕೊಂಡೆ, ಅದಕ್ಕೆ ಗೌರವವೆಂದು ಹೆಸರಿಟ್ಟುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊನೆಗೆ ಹೆಂಡತಿಯ ಕಾಟ ತಾಳಲಾರದೆ ಬಲಗಣ್ಣಿನ ಪೊರೆ ತೆಗೆಸಿಕೊಂಡರು. ಕೆಲವು ವಾರ ಬಿಟ್ಟು ಕಚೇರಿಗೆ ಬಂದವರು ಚೀಟಿಗಳನ್ನು ಮೇಜಿನ ಮೇಲೆ ಹರವಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಬಹಳ ಹೊತ್ತು ನೋಡಿದರು. ಆಮೇಲೆ ಕೋಟು ಕಳಚಿ ಅದನ್ನೂ ನೋಡಿದರು. "ಅವಳು ಹೇಳಿದ್ದೇ ನಿಜ ಕಣಯ್ಯಾ," ಅಂದರು. ಪೊರೆಯೇ ಎಲ್ಲಕ್ಕೂ ತನ್ನ ಹಳದಿ ಬಳಿದಿತ್ತು, ತೆಳುಹಳದಿಗಳ ನಡುವಿನ ಭೇದವನ್ನೆಲ್ಲ ಅಳಿಸಿಹಾಕಿತ್ತು.

ಪುಟ ಮರುವಾರ ಅಚ್ಚಿಗೆ ಹೋಗಬೇಕು. ಸಂಪಾದಕರು ಸಮಾಧಾನ ಹೇಳಲು ನೋಡಿದರು.

"ಅಲ್ಲ ಮೇಷ್ಟ್ರೇ, ಈ ಪುಟ ಹಿಡ್ಕೊಂಡು ಹೂವಿನ ಮುಂದೆ ಯಾರು ನಿಲ್ತಾರೆ?"

"ನಾನು ನಿಂತಿದ್ದೆನಲ್ಲ ಸ್ವಾಮಿ."

ಸಂಪಾದಕರು ಮೂರು ತಿಂಗಳು ಕೊಟ್ಟರು, ಅಷ್ಟರಲ್ಲಿ ಆಗದಿದ್ದರೆ ಪುಟವನ್ನೇ ಕೈಬಿಡುವುದಾಗಿ ಖಡಾಖಂಡಿತ ಹೇಳಿದರು. ಅಷ್ಟರಲ್ಲಿ ಎಡಗಣ್ಣಿಗೆ ಆಸ್ಪತ್ರೆಯಿಂದ ಕರೆ ಬಂತು. ಮೇಷ್ಟ್ರು ಮತ್ತೆ ಮುಂದೂಡಿದರು, ಈ ಸಲ ಅಂಜಿಕೆಯಿಂದಲ್ಲ. ಆ ಕೆಟ್ಟ ಕಣ್ಣೇ ಅವರಿಗೆ ಸಾಕ್ಷಿಯಾಗಿ ಬೇಕಿತ್ತು. ಎರಡು ವಸ್ತು ಎಡಗಣ್ಣಿಗೆ ಒಂದೇ ಬಣ್ಣವಾಗಿ, ಬಲಗಣ್ಣಿಗೆ ಬೇರೆಬೇರೆಯಾಗಿ ಕಂಡರೆ ಆ ಚೀಟಿಗಳು ಸಂಶಯದವು. ಹಾಗೆ ನಲವತ್ತೊಂದು ಸಿಕ್ಕವು. ಮತ್ತೆ ಬೇಲಿ, ಮತ್ತೆ ಅಂಗಡಿ, ಮತ್ತೆ ಸೈಕಲ್ಲಿನವರ ಬೈಗುಳ. ಹೆಂಡತಿ ಈಗ ಪುಕ್ಕಲ ಎನ್ನಲಿಲ್ಲ, ಕುಂಚ ಅದ್ದುವ ನೀರಿನ ಲೋಟ ಹಿಡಿದು ಜೊತೆಗೆ ನಡೆದರು. ಬಣ್ಣದ ಪೆಟ್ಟಿಗೆ ನನ್ನ ಕೈಯಲ್ಲಿತ್ತು.

ನಲವತ್ತು ಮುಗಿದವು. ಪ್ರಿಮ್‌ರೋಸ್ ಉಳಿಯಿತು. ಸರ್ಕಾರಿ ತೋಟದ ಕುಂಡಗಳಲ್ಲಿ ಚಳಿಗಾಲಕ್ಕಷ್ಟೇ ಅರಳುವ ಆ ಹೂವಿನ ಕಾಲ ಮುಗಿದಿತ್ತು, ಮೂರು ತಿಂಗಳ ಗಡುವೂ ಮುಗಿಯುತ್ತಿತ್ತು. ಎಷ್ಟು ಸಲ ನೋಡಿದ ಹೂವು, ನೆನಪಿನಿಂದಲೇ ತುಂಬಿಸಿಬಿಡಿ ಎಂದೆ. ಮೇಷ್ಟ್ರು ಕುಂಚ ತೊಳೆದು ಒರೆಸಿಟ್ಟರು.

"ಆ ನೆನಪೂ ಅದೇ ಕಣ್ಣಿಂದಲ್ವೇನಯ್ಯಾ?"

ಆ ಒಂದು ಚೌಕವನ್ನು ಹಾಗೇ ಬಿಡಲು ಗೊಣಗುತ್ತಲೇ ಸಂಪಾದಕರು ಒಪ್ಪಿದರು. ಮರುವಾರ ಎಡಗಣ್ಣಿನ ಪೊರೆಯೂ ಹೋಯಿತು. ನಿಘಂಟಿನ ಹಳದಿಯ ಪುಟದಲ್ಲಿ ಇಂದಿಗೂ ಒಂದು ಹೆಸರಿನ ಮೇಲಿನ ಚೌಕ ಖಾಲಿಯಾಗಿದೆ. ಅಚ್ಚಿನ ದೋಷವೆಂದು ಓದುಗರು ಕಾಗದ ಬರೆಯುತ್ತಾರೆ, ಉತ್ತರಿಸುವ ಕೆಲಸ ನನ್ನದು. ಬಲ್ಲವರೆಂದು ಹೆಸರಾದ ಮೇಲೂ ತಮ್ಮ ಕಣ್ಣನ್ನೇ ಕಟಕಟೆಗೆ ಎಳೆದು ನಿಲ್ಲಿಸುವ ಜನ ಅಪರೂಪ. ಅಂಥವರ ಬಳಿ ಕೂತು ಕೆಲಸ ಮಾಡುವವರು ಗೌರವದ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡಿರಬಾರದು. ಅವರು ನಮ್ಮಿಂದ ಗೌರವ ಕೇಳಿರುವುದಿಲ್ಲ, ಕಂಡದ್ದನ್ನು ಹೇಳಿದ್ದರೆ ಅಷ್ಟೇ ಸಾಕಾಗಿರುತ್ತದೆ.