ಬಚ್ಚಲು ಸೇರಿದ ಮಸೆಗಲ್ಲು

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಯ್ಯೂಬನ ಪಾಲಿಗೆ ಮನೆಯ ಮಸೆಗಲ್ಲಿನ ಗತಿಯೂ ಅದೇ ಆಯಿತು.

ಲಕ್ಷ್ಮೇಶ್ವರದ ಅವರ ಓಣಿಯಲ್ಲಿ ಬಕ್ರೀದ್ ಕುರ್ಬಾನಿಗೆ ಟಗರು ಕೊಯ್ಯಲು ಅವನಪ್ಪ ಯಮನೂರಸಾಬನೇ ಬೇಕಿತ್ತು. ಅವನ ಕೈ ಅಷ್ಟು ಹಗುರ. "ನೋವು ಕೊಡೋ ಹಕ್ಕು ನಮಗಿಲ್ಲ" ಎನ್ನುತ್ತ ಮುದುಕ ಹಬ್ಬಕ್ಕೆ ಎರಡು ದಿನ ಮೊದಲೇ ಚೂರಿ ಮಸೆಯಲು ಕೂರುತ್ತಿದ್ದ. ಬಾ, ಕಲಿ ಎಂದು ಕರೆದರೆ ಮಗನಿಗೆ ಯಾವಾಗಲೂ ಮೊಬೈಲಿನಲ್ಲೇ ಕೆಲಸ. ಚಳಿಗಾಲದಲ್ಲಿ ಮುದುಕ ತೀರಿಕೊಂಡ. ಈ ಸಲ ಅಬ್ಬಾನ ಹೆಸರಿನಲ್ಲಿ ತಾನೇ ಕೈಯಾರೆ ಕುರ್ಬಾನಿ ಕೊಡುತ್ತೇನೆಂದು ಅಯ್ಯೂಬ ತಾಯಿ ಅಲ್ಮಾಸಬಿಗೆ ಮಾತು ಕೊಟ್ಟ.

ಅಪ್ಪನ ಡಬ್ಬಿಯಲ್ಲಿ ಚೂರಿಯ ಜೊತೆ ಒಂದು ಕಲ್ಲಿತ್ತು. ನಡುವೆ ತಗ್ಗಾಗಿ, ಸಾಬೂನಿನಷ್ಟು ನುಣ್ಣಗಿತ್ತು. ಇದು ಸವೆದು ಸತ್ತ ಕಲ್ಲು ಎಂದು ಅಯ್ಯೂಬ ತಾನೇ ತೀರ್ಪು ಕೊಟ್ಟ. ಅದೇ ವಾರ ಬಚ್ಚಲಿಗೆ ಸಿಮೆಂಟು ಹಾಕಿಸುತ್ತಿದ್ದ. ಮೂಲೆಯಲ್ಲಿ ಉಳಿದ ಸಂದಿಗೆ ಅದನ್ನೇ ಕೂರಿಸಿದ.

ಹೊಸ ಕಲ್ಲಿಗೆಂದು ಗದಗಿನ ಹೇಮಪ್ಪನ ಅಂಗಡಿಗೆ ಹೋದ.

"ಎರಡ ಕಲ್ಲು ಬೇಕಪಾ. ನಂಬರ ಸಣ್ಣದಿದ್ದಷ್ಟೂ ಕಲ್ಲು ಒರಟು" ಎಂದ ಹೇಮಪ್ಪ. "ಈ ಇನ್ನೂರಾ ನಲವತ್ತರದ್ದು ಮೊಂಡ ತಗೀತೈತಿ. ಆಮ್ಯಾಲೆ ಸಾವಿರದ್ದರ ಮ್ಯಾಲೆ ತಿಕ್ಕಿ ನುಣ್ಣಗ ಮಾಡಬೇಕು. ಇಲ್ಲಂದ್ರ ಚೂರಿ ಗರಗಸ ಆಗತೈತಿ."

"ಒರಟಿದ್ರ ಜಲ್ದಿ ಆಗತೈತಲ್ರಿ. ಅದೊಂದ ಸಾಕು, ಕೊಡ್ರಿ."

ಜಲ್ದಿಯೇನೋ ಆಯಿತು. ಅರ್ಧ ತಾಸು ತಿಕ್ಕಿ ಹೆಬ್ಬೆರಳಿಟ್ಟು ನೋಡಿದರೆ ಅಲಗು ಚರಚರ ತಾಗಿತು. ಅದನ್ನೇ ಹರಿತವೆಂದು ಹಿಗ್ಗಿದ. ತಾಗಿದ್ದು ಅಂಚಿನಲ್ಲಿ ಎದ್ದ ಕಬ್ಬಿಣದ ಮುಳ್ಳು ಎಂದು ಆ ಜಾಣನಿಗೆ ಯಾರು ಹೇಳಬೇಕು?

ಹಬ್ಬದ ದಿನ ನೆರೆಮನೆಯ ಸಮೀವುಲ್ಲಾ ಟಗರನ್ನು ಹಿಡಿದುಕೊಂಡ. ಅಯ್ಯೂಬ ದೇವರ ಹೆಸರು ಹೇಳಿ ಚೂರಿ ಎಳೆದ. ಚೂರಿ ಸಿಕ್ಕಿಕೊಂಡಿತು. ಮತ್ತೆ ಎಳೆದ, ಅದು ಹರಿಯಿತೇ ಹೊರತು ಕೊಯ್ಯಲಿಲ್ಲ. ಟಗರು ಕಾಲು ಝಾಡಿಸುತ್ತ ಅವನನ್ನೇ ನೋಡುತ್ತಿತ್ತು. "ಸರಿಯೋ ಆಕಡೆ" ಎಂದು ಸಮೀವುಲ್ಲಾ ತನ್ನ ಚೂರಿಯಿಂದ ಕೆಲಸ ಮುಗಿಸಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅಯ್ಯೂಬನಿಗೆ.

ಒಳಗೆ ಹೋಗಿ ತಾಯಿಯ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿದ.

"ಕಡೀಕ ನುಣ್ಣನ ಕಲ್ಲಿನ ಮ್ಯಾಲೆ ಎಳೀಲಿಲ್ಲೇನು?" ಎಂದಳು ಅಲ್ಮಾಸಬಿ.

"ಅದು ಸವದಿತ್ತಲ್ಲಮ್ಮಾ."

"ಸವದ್ರೂ ಸತ್ತಿರಲಿಲ್ಲಪಾ. ಅದರ ನುಣುಪು ಇರೋದ ಹಂಗ. ನೀ ಬಚ್ಚಲಕ್ಕ ಹಾಕ್ಸಿದಾಗ, ಅಂಥಾದ್ದ ಹೊಸಾದು ತಂದಿರಬೇಕು ಅಂದ್ಕೊಂಡೆ." ಮತ್ತೆ ಹೇಳಿದಳು: "ನಾ ಒಂದ ದಿನಾನೂ ಅದರ ಮ್ಯಾಲೆ ಕಾಲಿಟ್ಟಿಲ್ಲ."

ಅಯ್ಯೂಬ ದಿನಾ ಅದರ ಮೇಲೆಯೇ ಕಾಲಿಟ್ಟು ಸ್ನಾನ ಮಾಡುತ್ತಿದ್ದ.

ಎದ್ದು ಬಚ್ಚಲಿಗೆ ಹೋಗಿ ಮೊಣಕಾಲೂರಿದ. ಕಲ್ಲಿಗೆ ನೀರು ಚಿಮುಕಿಸಿ, ಅಪ್ಪನ ಕೈ ಸವೆಸಿದ ತಗ್ಗಿನಲ್ಲಿ ಚೂರಿಯನ್ನು ನಿಧಾನಕ್ಕೆ ಆಡಿಸತೊಡಗಿದ. ಎಷ್ಟೋ ಹೊತ್ತಿನ ಮೇಲೆ ಅಲಗನ್ನು ಮುಂಗೈ ಮೇಲೆ ಸುಮ್ಮನೆ ಸರಿಸಿ ನೋಡಿದ. ಕೂದಲು ಸದ್ದಿಲ್ಲದೆ ಉದುರಿತು, ಚರ್ಮಕ್ಕೆ ಗೊತ್ತೇ ಆಗಲಿಲ್ಲ. ಹೊರಗೆ ಟಗರಿನ ಮಾಂಸವನ್ನು ಮನೆಗೆ, ನೆಂಟರಿಗೆ, ಬಡವರಿಗೆ ಎಂದು ಮೂರು ಪಾಲು ಮಾಡುತ್ತಿದ್ದರು.