ನಡುವಿನ ತೂತು

ಸಾಗರದ ಮಧುಸೂದನ ಭಟ್ಟರು ಜೆರಾಕ್ಸ್ ಅಂಗಡಿ ಇಟ್ಟುಕೊಂಡವರಾದರೂ ಊರು ಅವರನ್ನು ಗುರುತಿಸುತ್ತಿದ್ದುದು ಕಿವಿಯಿಂದ. ತಾಳಮದ್ದಲೆ ಕೂಟದಲ್ಲಿ ಮದ್ದಲೆಯ ಶ್ರುತಿ ಕೂಡಿತೋ ಇಲ್ಲವೋ ಎಂಬುದಕ್ಕೆ ಅವರದೇ ಕೊನೆಯ ಮಾತು. ಅವರು ತಲೆಯಾಡಿಸದೆ ಭಾಗವತರು ಬಾಯಿ ತೆರೆಯುವಂತಿರಲಿಲ್ಲ. ಇಂಥ ಕಿವಿಗೆ ಅಂಗಡಿಯಲ್ಲಿ ಸಿಗುವ ಸ್ಪೀಕರು ಒಗ್ಗೀತೇ? ಐವತ್ತೆಂಟನೆಯ ವಯಸ್ಸಿನಲ್ಲಿ ತಾವೇ ಒಂದನ್ನು ಮಾಡಲು ಹೊರಟರು.

ಹಲಸಿನ ಹಲಗೆಯ ಪೆಟ್ಟಿಗೆ ಸೊಂಟದೆತ್ತರ ಎದ್ದು ನಿಂತಿತು. ಕೆಳಗೆ ಗುಡುಗುಡು ಸದ್ದಿಗೆ ವೂಫರ್, ಮೇಲೆ ತಾಳದ ಕಿಣಿಕಿಣಿಗೆ ಟ್ವೀಟರ್ ಕೂತವು. ನಡುವೆ, ಮನುಷ್ಯರ ದನಿ ಹೊರಡಬೇಕಾದ ಮಿಡ್‌ರೇಂಜ್ ಡ್ರೈವರು ಎಂಬ ಸ್ಪೀಕರು ಬಿಲ್ಲೆಯ ಜಾಗ ಮಾತ್ರ ತೂತಾಗಿಯೇ ಉಳಿಯಿತು. ಭಾನುವಾರ ಕೂಟದವರೆಲ್ಲ ಕೇಳಲು ಬರುವವರಿದ್ದರು. ದನಿ ಕೆಟ್ಟರೆ ಕಿವಿಯ ಮರ್ಯಾದೆ ಮೂರು ಕಾಸಿಗೆ ಹರಾಜು.

ಆರಿಸಲು ಒರೆಗಲ್ಲೊಂದು ಬೇಕಲ್ಲ. ಲೋಕದಲ್ಲಿ ಭಟ್ಟರಿಗೆ ಎಲ್ಲಕ್ಕಿಂತ ಪರಿಚಿತವಾದ ದನಿ ಹೆಂಡತಿ ವರದಾಳದ್ದು. ಅಡುಗೆಮನೆಯ ಬಾಗಿಲಲ್ಲಿ ಮೊಬೈಲ್ ಹಿಡಿದು ಅಡಗಿ ನಿಂತು, ಆಕೆ ದಿನಾ ಕರೆಯುವುದನ್ನು ರೆಕಾರ್ಡ್ ಮಾಡಿಕೊಂಡರು: “ಬಾಳೆ ಹಾಕಿ ಆತು, ಊಟಕ್ಕೆ ಬನ್ನಿ!”

ಮೊದಲ ಡ್ರೈವರು ಪೇಟೆಯ ಸುನಿಲನ ಅಂಗಡಿಯದು. ನೋಡಿ ಬೇಡವಾದರೆ ವಾಪಸು ಕೊಡಿ ಎಂದು ಕೊಟ್ಟಿದ್ದ. ಭಟ್ಟರು ಅದನ್ನು ಕೂರಿಸಿ, ಕಣ್ಣು ಮುಚ್ಚಿ, ಕರೆಯನ್ನು ಏಳು ಸಲ ಹಾಕಿ ಕೇಳಿದರು.

“ಕಂಬಳಿ ಹೊದ್ಕಂಡು ಮಾತಾಡ್ದಂಗೆ ಇದ್ದು,” ಎಂದು ಮುಖ ಕಿವುಚಿದರು.

ಅಷ್ಟರಲ್ಲಿ ಪಕ್ಕದ ಮನೆಯ ಕನ್ನಪ್ಪ ಕೈಕಾಲು ತೊಳೆದುಕೊಂಡು ಒಳಗೆ ಬಂದ. ಬಸ್ ಕಂಡಕ್ಟರಾಗಿ ನಿವೃತ್ತನಾದ ಒಂಟಿ ಜೀವ. “ಅಮ್ಮ ಏಳು ಸಲ ಕರೆದ್ರು. ಇನ್ನೂ ಬರದಿದ್ರೆ ಬೇಜಾರು ಮಾಡ್ಕೊತಾರೆ ಅಂತ ಬಂದೆ,” ಎಂದ.

ಊಟಕ್ಕೆಂದು ಬಂದವರಿಗೆ, ನಿಮ್ಮನ್ನು ಕರೆದದ್ದು ಪೆಟ್ಟಿಗೆ, ಹೋಗಿ ಎನ್ನುವುದುಂಟೇ? ವರದಾ ಗಂಡನನ್ನು ದುರುಗುಟ್ಟಿ ನೋಡಿ ಇನ್ನೊಂದು ಬಾಳೆ ಹಾಕಿದಳು.

ಎರಡನೆಯ ಡ್ರೈವರು ಹೊಸನಗರದಿಂದ ಬಂತು. ಅದರಲ್ಲೂ ದನಿಗೆ ಜೀವ ಸಾಲದೆಂದು ಭಟ್ಟರು ತಳ್ಳಿಹಾಕಿದರು. ಕನ್ನಪ್ಪ ಆ ದಿನವೂ ಬಂದು ಉಂಡ. ಅಪ್ಪೆಹುಳಿ ಎರಡು ಸಲ ಹಾಕಿಸಿಕೊಂಡ.

ಶನಿವಾರ ಭಟ್ಟರು ತೀರ್ಥಹಳ್ಳಿಗೇ ಬಸ್ಸು ಹತ್ತಿದರು. ಮದುವೆಮನೆಗಳಿಗೆ ಸೌಂಡ್ ಪೆಟ್ಟಿಗೆ ಕಟ್ಟಿಕೊಡುವ ಪೂರ್ಣೇಶ್ ತನ್ನಲ್ಲಿದ್ದ ಅತ್ಯುತ್ತಮ ಡ್ರೈವರನ್ನು ಕೊಟ್ಟು, “ಇದೂ ಆಗದಿದ್ರೆ ಫೋನ್ ಮಾಡಿ ಸಾರ್. ಆದ್ರೆ ಕಾರಣ ಹೇಳ್ಬೇಕು,” ಎಂದು ಸವಾಲು ಹಾಕಿದ.

ಭಾನುವಾರ ಮಧ್ಯಾಹ್ನ ಅದೂ ತೂತಿನಲ್ಲಿ ಕೂತಿತು. ಭಟ್ಟರು ಕಣ್ಣು ಮುಚ್ಚಿ ಕರೆ ಹಾಕಿದರು, ಮತ್ತೆ ಮತ್ತೆ ಹಾಕಿದರು. ಕನ್ನಪ್ಪನಂತೂ ತಪ್ಪದೆ ಬಂದು ಜಗಲಿಯಲ್ಲಿ ಕೂತ. ಸ್ವಲ್ಪ ಹೊತ್ತು ಸದ್ದಡಗಿತು. ಆಮೇಲೆ ಮತ್ತೊಮ್ಮೆ ಕ್ಷೀಣವಾಗಿ ಕೇಳಿತು: “ಬಾಳೆ ಹಾಕಿ ಆತು, ಊಟಕ್ಕೆ ಬನ್ನಿ!”

“ಥತ್! ಎಲ್ಲಕ್ಕಿಂತ ಕಡೆ ಇದೇಯ!” ಭಟ್ಟರು ಕಣ್ಣು ತೆರೆಯದೆಯೇ ತೀರ್ಪು ಕೊಟ್ಟರು. “ವರದಾಳ ದನೀನೇ ಅಲ್ಲ ಇದು. ಈ ಡ್ರೈವರೂ ಬ್ಯಾಡ.”

“ಕರೆಂಟು ಹೋಗಿ ಎರಡು ನಿಮಿಷ ಆತು,” ಎಂದಿತು ದನಿ. “ಅದು ಪೆಟ್ಟಿಗೆ ಅಲ್ಲ. ಆನು!”

ಭಟ್ಟರು ಕಣ್ಣು ಬಿಟ್ಟರು. ವರದಾ ನಾಲ್ಕೇ ಅಡಿ ದೂರದಲ್ಲಿ, ಸೌಟು ಹಿಡಿದು ನಿಂತಿದ್ದಳು.

“ಗಾಳಿ ಆ ಬದಿಗೆ ಇತ್ತು…” ಎಂದು ಭಟ್ಟರು ತೊದಲಿದರು.

“ನಂಗೆ ಮೂರು ದಿನವೂ ಗೋಡೆ ಆಚೆಗೇ ಸ್ಪಷ್ಟ ಕೇಳ್ತು ಭಟ್ರೇ,” ಎಂದ ಕನ್ನಪ್ಪ, ಪಾಪ, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ.

ವರದಾ ಸೌಟು ಕೆಳಗಿಳಿಸಿದಳು. ಸಿಟ್ಟು ಎಲ್ಲಿ ಹೋಯಿತೋ. “ಕಾಯಿ ತುರಿದು ಕೊಡಿ ಹೇಳಿದ್ರೆ ಸುಮ್ನೆ ಕೂತಿರ್ತಿದ್ರಲ. ಬೇಕು ಹೇಳೇ ಕೇಳದ ಹಾಂಗೆ ಮಾಡ್ತ್ರಿ ಅಂದ್ಕಂಡಿದ್ದಿ. ನಿಜಕ್ಕೂ ಕೇಳ್ತಿತ್ತಿಲ್ಯ?”

ಭಟ್ಟರಿಗೆ ಮದ್ದಲೆಯ ಗುಡುಗೂ ತಾಳದ ಕಿಣಿಕಿಣಿಯೂ ನೆಟ್ಟಗೆ ಕೇಳುತ್ತಿದ್ದವು. ನಡುವಿನದು ಯಾವತ್ತು ಜಾರಿಹೋಯಿತೆಂದು ಅವರಿಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಸಂಜೆ ಕೂಟದವರು ಬರುತ್ತಾರೆ, ಎಂದಿನಂತೆ ಇವರ ತಲೆಯನ್ನೇ ನೋಡುತ್ತಾರೆ.

ಭಟ್ಟರು ಮೊಬೈಲ್ ತೆಗೆದು ತೀರ್ಥಹಳ್ಳಿಗೆ ಫೋನ್ ಹಚ್ಚಿದರು.

“ಪೂರ್ಣೇಶಾ, ಡ್ರೈವರ್ ವಾಪಸ್ ಬರಲ್ಲ ಮಾರಾಯ. ಬಹಳ ಚೆನ್ನಾಗಿದೆಯಂತೆ. ನನ್ನ ಕಿವಿ ಹೋಗಿದೆ. ಇನ್ನು ಮೇಲೆ ನಮ್ಮನೇಲಿ ಕೇಳಿ ಹೇಳೋದು ಹೆಂಡತಿ.”

ಆ ಕಡೆಯಿಂದ ಪೂರ್ಣೇಶ್ ಏನೋ ಹೇಳಿದ. ಭಟ್ಟರು ಫೋನನ್ನು ವರದಾಳ ಕಿವಿಗೆ ಹಿಡಿದರು.